ಕೊರೆದು ಉಳಿದದ್ದು

ಬಾಗಲೂರಿನ ಪ್ರೆಸ್ ಚೂಡಪ್ಪನ ಮಗಳು ಕೋಮಲಾ
ಹೊಸೂರು ಸಿಪ್ಕಾಟಿನ ನಮ್ಮ ಶೆಡ್ಡಿಗೆ ಬಂದು
ಹತ್ತು ಎಂಎಂ ಉಕ್ಕಿನ ಹಾಳೆ ಕೊಂಡಳು,
ಆಳೆತ್ತರದ್ದು.

ನಡುವೆ ಒಂದು ಚೌಕ ಕೊರೆಯಣ್ಣಾ, ಎಂದಳು.
ಎಷ್ಟಗಲ?
ಅಪ್ಪ ಊಟಕ್ಕೆ ಕೂತರೆ ಹಿಡಿಸುವಷ್ಟು.
ಗ್ಯಾಸ್ ಹಚ್ಚಿದೆ. ಕಿಡಿ ಎಗರಿ ಚಪ್ಪಲಿ ಸುಟ್ಟರೂ
ಅವಳು ಕಾಲು ಕದಲಿಸಲಿಲ್ಲ.

ಬಣ್ಣ? ಬೇಡ.
ಗ್ರೈಂಡಿಂಗು? ಬೇಡ, ತುಕ್ಕು ತಾನೇ ಬರಲಿ.
ಹಾಗಾದರೆ ನಿನ್ನ ಕೆಲಸ ಏನಮ್ಮ ಇದರಲ್ಲಿ?
ನಕ್ಕಳು: ಬೇಡ ಅನ್ನೋದು.

ಟೆಂಪೋ ವೇಬ್ರಿಡ್ಜ್ ಹತ್ತಿತು.
ಎನ್ನ ಲೋಡು, ಕೇಳಿದ ಚೀಟಿಯ ಮುರುಗೇಶ.
ಇಬ್ಬರೂ ಸುಮ್ಮನಿದ್ದೆವು.
ಕಬ್ಬಿಣ ಅಂತ ಬರೆದುಕೊಟ್ಟ.

ತೂತು ಚೆನ್ನೈಗೆ ಹೋಯಿತು, ಬಿಳಿ ಗೋಡೆಯ ಕೋಣೆಗೆ.
ತೂತಿನ ಮೈ ಇಲ್ಲೇ ಇದೆ, ಶೆಡ್ಡಿನ ಹಿಂದೆ,
ನಾಲ್ಕು ಹಾಲೋ ಬ್ಲಾಕಿನ ಮೇಲೆ.
ಒಡಿಶಾದ ಹುಡುಗರು ಮಧ್ಯಾಹ್ನ ಅಲ್ಲೇ ಡಬ್ಬಿ ಬಿಚ್ಚುತ್ತಾರೆ;
ಬಿಸಿಲಿಗೆ ಕಾದ ಹಾಳೆ,
ಅನ್ನ ಆರುವುದಿಲ್ಲ.

ಗುಜರಿಯವನು ಎರಡು ಸಲ ರೇಟು ಹೇಳಿ ಹೋದ.
ಕೊಟ್ಟಿಲ್ಲ.
ಚೂಡಪ್ಪನ ಬಲಗೈಯಲ್ಲಿ ಮೂರೇ ಬೆರಳು.
ಮಿಕ್ಕೆರಡು ಆವತ್ತು ಎಲ್ಲಿ ಬಿದ್ದವೋ,
ಪಾಳಿ ಮುಗಿಸುವ ಅವಸರ,
ನಾವ್ಯಾರೂ ಹುಡುಕಿರಲಿಲ್ಲ.