ಮೇಲ್ನೆಲ

ಕ್ರಯಪತ್ರದಲ್ಲಿ ಬರೆದದ್ದು ಇಷ್ಟೇ:
ಹುಲ್ಲು ನಿಮ್ಮದು, ಹುಲ್ಲಿನ ಬೇರು ನಿಮ್ಮದು,
ಅದರಡಿ ಏನಿದೆಯೋ ಅದು ಕಂಪನಿಯದು.
ಪೆನ್ಸಿಲ್ವೇನಿಯಾ, ಟ್ಯಾನರ್ಸ್ ಗ್ಯಾಪ್, ಸಾವಿರದ ಒಂಬೈನೂರ ಆರು.
ಏಳು ಮೆನ್ನೊನೈಟ್ ಮನೆಯವರು ಸಹಿ ಹಾಕಿದರು.
ದೇವರಿಗೆ ಮೇಲಿನದು ಸಾಕು ಅಂದುಕೊಂಡಿರಬೇಕು.

ಗೋಪುರವಿಲ್ಲ, ಗಂಟೆಯಿಲ್ಲ, ವಾದ್ಯವಿಲ್ಲ.
ಗಂಡಸರಿಗೊಂದು ಬಾಗಿಲು, ಹೆಂಗಸರಿಗೊಂದು,
ಟೋಪಿ ತೂಗಿಸಲು ಸಾಲು ಗೂಟ.
ಬೋಧಕನನ್ನು ಆರಿಸಿದ್ದು ಚೀಟಿಯಿಂದ:
ಐದು ಹಾಡಿನ ಪುಸ್ತಕ, ಒಂದರೊಳಗೆ ಚೀಟಿ.
ಅದು ಸಿಕ್ಕಿದ್ದು ಟಿಲ್‌ಮನ್ ಹನ್ಸಿಕರ್‌ನ ಕೈಗೆ,
ನಾಲ್ಕು ಜನರೆದುರು ತೊದಲುವವನಿಗೆ.
ಅವನ ಹೆಂಡತಿ ಸಲೋಮಿ ಅತ್ತಳಂತೆ,
ಸಂತೋಷಕ್ಕಲ್ಲ.

ಆರು ದಿನ ಕೆಳಗೆ, ಒಂದು ದಿನ ಮೇಲೆ.
ಪಕ್ಕೆಯ ಮೇಲೆ ಮಲಗಿ ಕಲ್ಲಿದ್ದಲು ಕೀಳುವವನು
ಕ್ಷಮೆಯ ಮಾತಿಗೆ ಬಂದಾಗಲೇ ಕೆಮ್ಮುತ್ತಿದ್ದ.
ಅದು ಮುಗಿಯುವ ತನಕ ಕಾಯುವುದೇ
ನಮಗೆ ಮೌನಪ್ರಾರ್ಥನೆ ಕಲಿಸಿತು ಅನ್ನುತ್ತಿದ್ದಳು ನನ್ನಜ್ಜಿ.

ವರ್ಷಕ್ಕೆರಡು ಸಲ, ಒಬ್ಬರ ಕಾಲು ಒಬ್ಬರು ತೊಳೆಯುವ ದಿನ,
ತಗಡಿನ ಬೋಗುಣಿಯ ನೀರು ಮೊದಲ ಕಾಲಿಗೇ ಕಪ್ಪು.
ಎಲ್ಲರೂ ಮನೆಯಲ್ಲಿ ಉಜ್ಜಿಕೊಂಡೇ ಬಂದಿದ್ದರು.
ಉಗುರಿನ ಸಂದಿಯ ಗಣಿಗೆ ಮಾತ್ರ
ಭಾನುವಾರವೂ ರಜೆ ಇರಲಿಲ್ಲ.

ಹದಿನೆಂಟರಲ್ಲಿ, ಯುದ್ಧದ ಬಾಂಡು ಕೊಳ್ಳಲಿಲ್ಲವೆಂದು,
ರಾತ್ರೋರಾತ್ರಿ ಎರಡೂ ಬಾಗಿಲಿಗೆ ಹಳದಿ ಬಣ್ಣ.
ಕೆರೆದರು. ಬಿಳಿ ಬಳಿದರು.
ಈಗಲೂ ಇಳಿಬಿಸಿಲು ಬಿದ್ದಾಗ
ಅದು ಒಳಗಿಂದ ಇಣುಕುತ್ತದೆ, ವಾಸಿಯಾಗದ ಕಾಮಾಲೆಯ ಹಾಗೆ.
ಪಾವೊಲ್ ಹುಡಾಕನ ತೋಳಂಚಿನಲ್ಲಿ ವಾರವಿಡೀ ಹಳದಿ ಇತ್ತಂತೆ.
ಯಾರೂ ಕೇಳಲಿಲ್ಲ.
ನಡವಳಿ ಪುಸ್ತಕದಲ್ಲಿ ಒಂದೇ ಸಾಲು:
ಬಾಗಿಲು ದುರಸ್ತಿ, ಎರಡು ಡಾಲರ್ ಹತ್ತು ಸೆಂಟು.

ಆ ಪುಸ್ತಕ ಈಗ ನನ್ನ ಕೈಯಲ್ಲಿದೆ.
ಆ ಕೈಬರಹವೂ ನನಗೆ ಬಂದುಬಿಟ್ಟಿದೆ.

ಮನೆ ವಾಲಿದ್ದು ಮೊದಲು ಗೊತ್ತಾದದ್ದು ಮಕ್ಕಳಿಗೆ.
ಉಪದೇಶ ಉದ್ದವಾದಾಗ ಬೆಂಚಿನಡಿ ಗೋಲಿ ಬಿಟ್ಟರೆ
ತಾನಾಗಿಯೇ ಉರುಳಿ
ಹೆಂಗಸರ ಕಡೆಗೆ ಹೋಗುತ್ತಿತ್ತು.
ಕಂಪನಿ ಆಗ ಗಂಟುಮೂಟೆ ಕಟ್ಟುತ್ತಿತ್ತು;
ಮೇಲಿನ ಬಂಡೆ ಹೊತ್ತು ನಿಲ್ಲಲೆಂದು ಬಿಟ್ಟಿದ್ದ
ಕಲ್ಲಿದ್ದಲಿನ ಕಂಬಗಳನ್ನೂ
ಹಿಂದಕ್ಕೆ ಸರಿಯುತ್ತ ಸರಿಯುತ್ತ ಕೀಳಿಸುತ್ತಿತ್ತು.
ಸ್ಲೋವಾಕರ ಬೀದಿ ಒಂದು ಬೆಳಿಗ್ಗೆ ಬಾಯ್ದೆರೆದು
ಹುಡಾಕನ ಕೋಳಿಗೂಡು ನುಂಗಿತು, ಹುಂಜದ ಸಮೇತ.
ನಾವು ಮಾತ್ರ ವಾಲಿದೆವು, ಬೀಳಲಿಲ್ಲ.
ದೇವರ ಕೃಪೆ ಎಂದು ಬರೆದಿದೆ.

ಹೋದ ಅಕ್ಟೋಬರಿನಲ್ಲಿ ಸರ್ವೆಯ ಹುಡುಗಿಯೊಬ್ಬಳು ಬಂದು
ಹಳೆಯ ಗಣಿನಕ್ಷೆಯನ್ನು ಬೆಂಚಿನ ಮೇಲೆ ಹರಡಿದಳು.
ಎಲ್ಲೆಲ್ಲೂ ಬಿಳಿ. ಬಿಳಿ ಅಂದರೆ ಟೊಳ್ಳು ಅಂದಳು.
ನಮ್ಮ ಕೆಳಗೆ ಒಂದೇ ಒಂದು ಕಪ್ಪು ಚೌಕ.
ಅದರ ಪಕ್ಕ ಪೆನ್ಸಿಲಿನಲ್ಲಿ, ಅವಸರದ ಅಕ್ಷರ:
ಹನ್ಸಿಕರ್, ಕೀಳಲು ಒಪ್ಪಲಿಲ್ಲ, ವಜಾ.
ಅದರ ಕೆಳಗೆ, ಒಂಬತ್ತು ದಿನದ ಮೇಲೆ:
ಹುಡಾಕ್, ಇವನೂ.

ಅದೇ ತಿಂಗಳ ನಮ್ಮ ಪುಟ ತೆರೆದೆ.
ಬೋಧಕರ ಮನೆಗೆ ಆಲೂಗಡ್ಡೆ, ಎರಡು ಮೂಟೆ.
ಹುಡಾಕ್ ಮನೆಗೆ ಒಂದು.
ಯಾಕೆಂದು ಬರೆದಿಲ್ಲ.
ಭಯಕ್ಕೋ, ಬಂಡೆ ಸಿಡಿಯುವ ಸದ್ದು ಕೇಳಿಸಿತ್ತೋ,
ತನ್ನ ಬೆಂಚು ನೆತ್ತಿಯ ಮೇಲಿದೆಯೆಂದು
ಆ ಕತ್ತಲಲ್ಲಿ ಅವನಿಗೆ ಗೊತ್ತಿತ್ತೋ.
ತೊದಲುವವನು; ಯಾರಿಗೂ ಹೇಳಲಿಲ್ಲ.
ಇನ್ನೊಬ್ಬನದು ಬೇರೆ ಇಗರ್ಜಿ,
ಅವನು ನಮ್ಮ ಒಳಗೆ ಕಾಲಿಟ್ಟ ದಾಖಲೆಯೇ ಇಲ್ಲ.

ಈಗ ಒಂಬತ್ತು ಜನ ಇದ್ದೇವೆ.
ನಾಲ್ಕು ಸ್ವರದ ಹಾಡಿಗೆ ಗಂಡುದನಿ ಒಂದೇ,
ಅದೂ ಚಳಿಗಾಲದಲ್ಲಿ ಫ್ಲಾರಿಡಾಕ್ಕೆ ಹೋಗುತ್ತದೆ.
ಸಿಮೆಂಟು ತುಂಬಿಸಿ, ಇಲ್ಲವೇ ಬಿಟ್ಟುಹೋಗಿ ಅಂದಳು ಹುಡುಗಿ.
ಕಾನೂನಿನ ಪ್ರಕಾರ ಆ ಕಪ್ಪು ಚೌಕ ಯಾರದು ಎಂದು ಕೇಳಿದೆ.
ಕಂಪನಿಯದು. ಕಂಪನಿ?
ಅದು ಮುಳುಗಿ ಐವತ್ತು ವರ್ಷ.

ಅವಳು ಹೋದ ಮೇಲೆ ಪೆನ್ನು ತೆಗೆದೆ.
ಸರ್ವೆಯವರಿಗೆ ಕಾಫಿ, ಎಂದು ಬರೆದೆ.
ತುಸು ತಡೆದು, ಅಂಚಿನಲ್ಲಿ, ನಮ್ಮವರ ರೂಢಿಗೆ ವಿರುದ್ಧವಾಗಿ,
ಎರಡು ಹೆಸರು.