ಬ್ಯಾಳಿ ಮಲಗುವ ಗೆರಿ

ಕಪನೂರಿನ ಬ್ಯಾಳಿ ಮಿಲ್ಲಿನ್ಯಾಗ, ಮೂರನೇ ಮಷೀನಿನ ಮೋಟರಿನ ಮ್ಯಾಲ
ಒಂದು ಚೌಕ ತಗಡು.
ನಟ್ಟನಡುವ ಒಂದೇ ಬೋಲ್ಟು, ನಾಲ್ಕೂ ಅಂಚು ಸಡ್ಲ.
ಅದಕ್ಕ ಜಡಿದ ಸ್ವಿಚ್ಚಿನ ಡಬ್ಬಿ
ವಾರಕ್ಕ ಎರಡು ಸಲ ಕಳಚಿ ಬೀಳತಿತ್ತು.
ನಾ ತಿರುಪು ಬಿಗೀತಿದ್ದೆ, ಅದು ಬಿಚ್ಚಿಕೋತಿತ್ತು.
ನಿನ್ನ ಪಗಾರ ಆ ತಿರುಪಿನ ಮ್ಯಾಲೇ ನಿಂತದ ನೋಡು
ಅಂತ ಮಾಲಕ ನಗತಿದ್ದ.

ಲಾಲಬಿ ಚಾಚಿ ಕಸಬರಿಗಿ ಹಿಡಿದು ಬರೋದು ಸಂಜಿ ಆರಕ್ಕ.
ತಗಡು ಉಡುಗೋ ಮುಂಚೆ ಒಂದು ಗಳಿಗಿ ಸುಮ್ಮನ ನಿಲ್ಲತಿದ್ದಳು.
ಏನ್ ನೋಡತಿ ಚಾಚಿ, ಅಂದೆ ಒಂದಿನ.
"ಬ್ಯಾಳಿ ಇವತ್ತೂ ಅಲ್ಲೇ ಮಲಗ್ಯಾವ, ತಮ್ಮಾ."

ನೋಡಿದೆ.
ಚೆಲ್ಲಿದ ನುಚ್ಚೆಲ್ಲ ಎರಡು ಗೆರಿಯಾಗಿ
ಮೂಲಿಯಿಂದ ಮೂಲಿಗೆ, ಕತ್ರಿ ಹಂಗ.
ಓಟ ಏರಿಸಿದೆ:
ತಗಡು ಕೀರಲು ದನಿ ತಗೀತು,
ನುಚ್ಚು ಎದ್ದು, ಗಾಬರಿಬಿದ್ದು,
ಮತ್ತ ಕೂತಾಗ ಗೆರಿ ನಾಲ್ಕು, ಬೋಲ್ಟಿನ ಸುತ್ತ ಎಂಟು ಕಡ್ಡಿ.
ಯಾರೂ ಬರೆದದ್ದಲ್ಲ.
ಕುಣಿಯೋ ಕಡಿಂದ ಒದಿಸಿಕೊಂಡು ಒದಿಸಿಕೊಂಡು
ಕುಣಿಯದ ಕಡಿಗೆ ಬಂದು ಬಿದ್ದದ್ದು.

ಡಿಪ್ಲೊಮಾದ ಗಣಿತ ಮೂರು, ನಾ ಎರಡು ಸಲ ನಪಾಸು.
ಮಾಸ್ತರು ಬೋರ್ಡಿನ ತುಂಬ ಕೊಸೈನ್ ಬರೆದು
ಕೊಸೈನಿನೊಳಗಿಂದ ಕೊಸೈನ್ ಕಳೆದು
"ಎಕ್ಸೂ ವೈಯೂ ಒಂದೇ ಆದಲ್ಲಿ ಸೊನ್ನಿ" ಅಂದಿದ್ದರು.
ಸೊನ್ನಿ ಅಂದರ ಏನೂ ಇಲ್ಲ ಅಂತ ಬರಕೊಂಡಿದ್ದೆ.
ಇಲ್ಲಿ ಸೊನ್ನಿ ಅಂದರ ತೊಗರಿ ನುಚ್ಚು,
ಹಳದಿ, ಒಂದು ಬೆರಳಗಲ,
ಮೂಲಿಯಿಂದ ಮೂಲಿಗೆ.

ಗೋದಾಮಿನ್ಯಾಗ ಇಷ್ಟೇ ದಪ್ಪದ ಇನ್ನೊಂದು ತಗಡಿತ್ತು,
ಉದ್ದ ಅಗಲ ಎರಡೂ ಇಮ್ಮಡಿ.
ಬಾರಿಸಿದರ ದನಿ ಅರ್ಧ ಇಳೀಬೇಕಲ್ಲ?
ಕಾಲುಪಾಲಿಗೆ ಇಳೀತು.
ಪುಸ್ತಕದಾಗ ಅದೂ ಇತ್ತಂತ. ನಾ ಪುಟ ತಿರುವಿದ್ದೆ, ಅಷ್ಟೇ.

"ಡಬ್ಬಿನೂ ಬ್ಯಾಳಿ ಮಲಗೋ ಕಡಿ ಮಲಗಸು" ಅಂದಳು ಚಾಚಿ.
ಗೆರಿಗೆ ಸುಣ್ಣದ ಬಳಪ ಎಳೆದು, ಅದರ ಮ್ಯಾಲ ತೂತು ಹೊಡೆದು ಕೂಡಿಸಿದೆ.
ನಾಲ್ಕು ತಿಂಗಳಾತು, ತಿರುಪು ಕದಲಿಲ್ಲ.
ಈಗ ನಿನಗ ಪಗಾರ ಯಾಕ ಕೊಡಬೇಕು, ಅಂತಾನ ಮಾಲಕ.

ಒಂದೇ ಒಂದು ತಕರಾರು ಉಳದದ.
ಹಿಟ್ಟು.
ಬ್ಯಾಳಿ ಮೈಯಿಂದ ಉದುರಿದ ಸಣ್ಣ ಹಿಟ್ಟು,
ಚಾಚಿ ರೆಪ್ಪಿ ಮ್ಯಾಲ ಕೂಡೋವಷ್ಟು ಹಗುರ,
ಅದು ಗೆರಿಗೆ ಬರೋದಿಲ್ಲ.
ತಗಡು ಎಲ್ಲಿ ಎಲ್ಲಾಕಿಂತ ಜೋರು ಕುಣಿತದೋ
ಅಲ್ಲೇ ಗಾಳಿ ಸುಳಿಯೊಳಗ ಸಣ್ಣ ಗುಡ್ಡಿ ಹಾಕಿ
ಆರಾಮ ತಿರುಗತಿರತದ.

"ಇದಕ್ಕ ನಿಮ್ಮ ಮಾಸ್ತರನ ಲೆಕ್ಕ ಗೊತ್ತಿಲ್ಲೇನು?" ಅಂದಳು.
ಬರೋ ತಿಂಗಳು ಪರೀಕ್ಷಾ ಅದ, ಕೇಳತೀನಿ, ಅಂದೆ.
ಆಕಿ ನುಚ್ಚು, ಹಿಟ್ಟು ಎರಡೂ
ಒಂದೇ ಮರದಾಗ ಬಳಕೊಂಡು ಹೋದಳು.