ನಲವತ್ತೇಳನೆಯ ಸಾಲು

ಕೋಷ್ಟಕ ನಾಲ್ಕು ಹನ್ನೆರಡನೆಯ ಪುಟಕ್ಕೆ ಮುಗಿಯಬೇಕಿತ್ತು.
ನಲವತ್ತಾರು ಸಾಲು ಕೂತವು,
ನಲವತ್ತೇಳು ಮಾತ್ರ ಹದಿಮೂರನೆಯ ಹಾಳೆಯ ನೆತ್ತಿಯಲ್ಲಿ
ಒಂಟಿ,
ಬಸ್ಸು ಹೋದ ಮೇಲೆ ಸ್ಟಾಪಿನಲ್ಲಿ ಉಳಿದವರ ಹಾಗೆ.
ಮೇಲೆ ತಲೆಬರಹವಿಲ್ಲ, ಕೆಳಗೆ ಗೇಣುಗಟ್ಟಲೆ ಬಿಳುಪು.

ಡಾಕ್ಟರು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಕಳಿಸಿದರು:
‘ಹಾಲಾಂಬಿಕಾ, ಏನಿದು ಬಾಲ?’

ಅಂಕಿಅಂಶದವಳಿಗೆ ಬಾಲವೆಂದರೆ
ಗಂಟೆಯಾಕಾರದ ಗೆರೆಯ ಎರಡು ತುದಿ.
ಅಲ್ಲಿ ಸಿಕ್ಕವರು ಅಪರೂಪದವರು.
ಇದನ್ನು ಅವರಿಗೆ ಹೇಳಲಿಲ್ಲ.

ಈ ತಂತ್ರಾಂಶಕ್ಕೆ ಸರಾಸರಿ ಗೊತ್ತು, ವಿಚಲನೆ ಗೊತ್ತು,
ಹಾಳೆ ಎಲ್ಲಿ ಮುಗಿಯುತ್ತದೆಂದು ನಾವೇ ಹೇಳಬೇಕು.
ಇಲ್ಲಿ ಮುರಿ. ಇಲ್ಲಿ ಬೇಡ.
ಇವರನ್ನು ಮೇಲಿನವರ ಜೊತೆಗಿಡು.
ಹೇಳಿದೆ. ಕೇಳಿತು,
ಹೊಸ ಜವಾನನ ವಿಧೇಯತೆಯಲ್ಲಿ:
ನಲವತ್ತೇಳೂ ಜನರನ್ನು ಎತ್ತಿ ಮುಂದಿನ ಪುಟಕ್ಕೆ ಹಾಕಿ
ಹಿಂದೆ ಉಳಿಸಿತು
ಎರಡು ಸಾಲಿನ ಪೀಠಿಕೆ, ಮಿಕ್ಕಂತೆ ಬಟಾಬಯಲು.

ಸಾಲುಗಳಿಗೆ ಹೆಸರಿಲ್ಲ. ಇರಬಾರದು.
ಆದರೆ ಮಂಡಕ್ಕಿ ಭಟ್ಟಿಗೆ ಹೋದವಳು ನಾನೇ,
ಉಸಿರು ಅಳೆಯುವ ಕೊಳವೆ ಹಿಡಿದು.
ಹೊಟ್ಟಿನ ಹೊಗೆ. ಬಿಸಿ ಮರಳಲ್ಲಿ ಅಕ್ಕಿ ಅರಳುವ ಚಟಪಟ.
ಕೊನೆಗೆ ಬಂದಳು ನಲವತ್ತೇಳು,
ಹುಬ್ಬಿನ ಮಸಿ ಸೆರಗಿನಲ್ಲಿ ಒರೆಸುತ್ತ.
‘ಊದಮ್ಮಾ, ಜೋರಾಗಿ, ಒಳಗೆ ಏನೂ ಉಳಿಸ್ಬೇಡ.’
ಮೂರು ಸಲ ಊದಿದಳು.
ನಾಲ್ಕನೆಯದಕ್ಕೆ ನಗು ಬಂತು, ನಗುವಿಗೆ ಕೆಮ್ಮು ಬಂತು.
‘ಮೂವತ್ತು ವರ್ಷ ಒಲೆಗೇ ಊದೀನಿ ಅಕ್ಕಾ,
ನಿನ್ನ ಪೈಪಿಗೆ ಎಲ್ಲಿಂದ ತರ್ಲಿ?’

ಸಂಜೆ ಆರಕ್ಕೆ ಅಕ್ಷರವನ್ನು ಅರ್ಧ ಪಾಯಿಂಟು ಇಳಿಸಿದೆ.
ಸಾಲದಾಯಿತು.
ಸಾಲು ಸಾಲಿನ ನಡುವಿನ ಗಾಳಿಯಲ್ಲೂ
ಕೂದಲೆಳೆಯಷ್ಟು ತೆಗೆಯಬೇಕಿತ್ತು.
ಗಾಳಿ ತೆಗೆಯುವಾಗ ಕೈ ಯಾಕೋ ನಿಂತಿತು,
ಆಮೇಲೆ ತೆಗೆದೆ.
ಹರಿಹರದ ಬಸ್ಸಿನಲ್ಲಿ ಅಂತಾರಲ್ಲ,
‘ಸ್ವಲ್ಪ ಸರಕಳ್ರೀ, ಒಬ್ರು ಕೂರ್ತಾರೆ’
ನಲವತ್ತಾರು ಜನ ಸರಿದರು.
ಅವಳು ಕೂತಳು.

ಡಾಕ್ಟರಿಗೆ ಖುಷಿ. ಪ್ರಬಂಧ ಬೈಂಡಿಂಗಿಗೆ ಹೋಯಿತು,
ತಪ್ಪು ಮುರಿದ ಪ್ರತಿಗಳು ರದ್ದಿಗೆ.

ಹತ್ತು ದಿನ ಬಿಟ್ಟು, ಪಿ.ಬಿ. ರಸ್ತೆಯ ಗಾಡಿಯಲ್ಲಿ
ಮಿರ್ಚಿ ಮಂಡಕ್ಕಿ ಕಟ್ಟಿಸಿಕೊಂಡೆ.
ಪೊಟ್ಟಣ ಬಿಚ್ಚಿದರೆ ಹದಿಮೂರನೆಯ ಪುಟ.
ಎಣ್ಣೆ ಹೀರಿ ಹಾಳೆ ಕನ್ನಡಿಯಾಗಿತ್ತು,
ನೆತ್ತಿಯಲ್ಲಿ ಅದೇ ಒಂದು ಸಾಲು:
೪೭, ಹೆಣ್ಣು, ೫೨, ೩೦, ೧.೧೮.
ಯಾವುದು ವಯಸ್ಸು, ಯಾವುದು ಉಸಿರು,
ತಲೆಬರಹ ಹಿಂದಿನ ಪುಟದಲ್ಲಿತ್ತು,
ಹಿಂದಿನ ಪುಟ ಇನ್ಯಾರ ಕೈಯಲ್ಲೋ.

ಗಾಡಿಯವನು ಬಗ್ಗಿ ನೋಡಿದ. ‘ಲೆಕ್ಕಾನಾ ಮೇಡಂ?’
ಹೂಂ, ಅಂದೆ.
ಮೆಣಸಿನಕಾಯಿ ಕೆಂಡದಂತಿತ್ತು.
ಊದಿ ಊದಿ ತಿಂದೆ.